ಪಾರವ್ವ ಹೊಲಿದ ಭಾರದ ಕೌದಿ

ಬೆಟಗೇರಿಯ ಪಾರವ್ವ ನನ್ನನ್ನು ಹೊಲಿಯಲು ಕುಳಿತಾಗ ನಾನು ಇಷ್ಟು ಭಾರವಾಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಸವೆದ ಇಳಕಲ್ ಸೀರೆಗಳು, ತೀರಿಹೋದ ಗಂಡನ ಧೋತರ, ಮಗ್ಗದ ಮನೆಯವರು ಬಿಸಾಡಿದ ತುಂಡು ಬಟ್ಟೆ, ಎಲ್ಲವನ್ನೂ ಪದರಪದರವಾಗಿ ಹಾಸಿದಳು. ಇನ್ನೂ ತೆಳ್ಳಗಾಯಿತೆನ್ನಿಸಿ ನಡುವೆ ನುಸಿ ತಿಂದ ಕರಿಕಂಬಳಿಯೊಂದನ್ನು ಇಟ್ಟಳು. ಸೂಜಿ ಇಳಿಯಲಿಲ್ಲ, ದಬ್ಬಣ ತಂದಳು. ಹೀಗೆ ಹುಟ್ಟಿದ ಕೌದಿ ನಾನು. ನನ್ನನ್ನು ಕಂಡ ನೆರೆಯವರು ನಕ್ಕರು. "ಪಾರವ್ವಾ, ಇದನ್ನ ಹೊದ್ಕೊಂಡಾವ ಮತ್ತ ಏಳಬೇಕೋ ಬ್ಯಾಡೋ?"

ಆ ಮನೆಯಲ್ಲಿ ರಾಚೋಟಿ ಎಂಬ ಮೊಮ್ಮಗನಿದ್ದ. ತಾಯಿಯಿಲ್ಲದ ಕೂಸು. ಪಕ್ಕದ ಮಗ್ಗಗಳು ಶುರುವಾದರೆ, ಕುಕ್ಕರ್ ಸೀಟಿ ಹೊಡೆದರೆ, ಮನೆತುಂಬ ನೆಂಟರು ಬಂದರೆ ಅವನು ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ದೃಷ್ಟಿ ತೆಗೆಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಹೀಗೆ ಚೀರುತ್ತಿದ್ದ ಒಂದು ಮಧ್ಯಾಹ್ನ ಪಾರವ್ವ ಬೇರೇನೂ ತೋಚದೆ ನನ್ನನ್ನು ಅವನ ಮೇಲೆ ಹಾಕಿದಳು. ನನ್ನ ಅಷ್ಟೂ ಭಾರ ಆ ಸಣ್ಣ ಮೈಮೇಲೆ ಬಿತ್ತು. ಹುಡುಗ ಗಕ್ಕನೆ ಸುಮ್ಮನಾದ. ಬಿಗಿದುಕೊಂಡಿದ್ದ ಅವನ ಮುಷ್ಟಿಗಳು ನನ್ನ ಕೆಳಗೆ ಮೆಲ್ಲಗೆ ಬಿಚ್ಚಿಕೊಂಡದ್ದು ನನಗೆ ಗೊತ್ತಾಯಿತು.

"ಈ ಕೂಸಿಗೆ ಮೈಮ್ಯಾಲೆ ಒಜ್ಜಿ ಬೇಕು ನೋಡ್ರವಾ" ಎಂದಳು ಪಾರವ್ವ. ಯಾಕೆಂದು ಅವಳಿಗೂ ತಿಳಿಯಲಿಲ್ಲ. ಅಂದಿನಿಂದ ನಾನು ರಾಚೋಟಿಯವನಾದೆ.

ಅವನ ಅಪ್ಪ ಚಂದ್ರಶೇಖರಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಎದೆ ಎತ್ತಿ ನಡೆಯುವ ಮನುಷ್ಯ. ಮಗ ಶಾಲೆಯಿಂದ ಬಂದವನೇ ಪಾಟಿಚೀಲ ಒಗೆದು ನನ್ನೊಳಗೆ ನುಸುಳುವುದು ಅವನಿಗೆ ಸಹಿಸಲಾಗದ ಅವಮಾನ. ಪಾರವ್ವ ಇರುವತನಕ ಅವಳ ಮುಖ ನೋಡಿ ತಡೆದುಕೊಂಡ. ಅವಳು ಹೋದ ಮೇಲೆ ತಡೆಯುವವರಿರಲಿಲ್ಲ.

ರಾಚೋಟಿಯ ಅಕ್ಕನ ಮದುವೆ ಮನೆ ಮುಂದಿನ ಚಪ್ಪರದಲ್ಲೇ ನಡೆಯಿತು. ಬ್ಯಾಂಡಿನವರು ಬಾಗಿಲಲ್ಲಿ ನಿಂತು ಬಾರಿಸತೊಡಗಿದ ಕೂಡಲೇ, ಮೀಸೆ ಚಿಗುರುತ್ತಿದ್ದ ರಾಚೋಟಿ ಒಳಗೆ ಓಡಿಬಂದು ನನ್ನೊಳಗೆ ಮುದುಡಿಕೊಂಡ. ಗಂಡಿನ ಕಡೆಯ ಯಾರೋ ನೋಡಿ ಕರೆದು ತೋರಿಸಿದರು. ಜನ ಕೋಣೆಯ ಬಾಗಿಲಲ್ಲಿ ನೆರೆದು ನಗಾಡಿದರು. ಚಂದ್ರಶೇಖರಪ್ಪ ಅವರನ್ನು ಸರಿಸಿಕೊಂಡು ಬಂದು ಎಲ್ಲರೆದುರು ನನ್ನನ್ನು ಹಿಡಿದು ಎಳೆದ.

"ಗಂಡಸಲ್ಲೇನಲೇ ನೀನು? ಹಾಡಹಗಲ ಕೌದ್ಯಾಗ ಹೊಕ್ಕೊಂಡು ಕುಂದರ್ತಿ? ಮಂದಿಯೊಳಗ ನನ್ನ ಮಾನ ಕಳಿಬೇಕಂತ ಹುಟ್ಟಿಯೇನು?"

ನನ್ನ ಒಂದು ತುದಿ ಅಪ್ಪನ ಕೈಯಲ್ಲಿತ್ತು, ಇನ್ನೊಂದು ತುದಿ ಮಗನ ಕೈಯಲ್ಲಿ. ಮಗ ಬಿಟ್ಟುಬಿಟ್ಟ. ಎದ್ದುಹೋಗಿ ಮುಖ ತೊಳೆದು ಬ್ಯಾಂಡಿನ ಪಕ್ಕದಲ್ಲೇ ನಿಂತ. ಆಗ ಅವನ ಮುಖದ ಮೇಲೆ ಒಂದು ನಗು ಇತ್ತು. ಅಂಥ ನಗುವನ್ನು ನಾನು ಅವನಲ್ಲಿ ಎಂದೂ ಕಂಡಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಅದೇ ನಗುವನ್ನು ಅವನು ಹೊರಗೆ ಹೊರಡುವ ಮುನ್ನ ಕನ್ನಡಿಯ ಮುಂದೆ ತೊಟ್ಟುಕೊಂಡು ನೋಡುತ್ತಿದ್ದ. "ಏನ್ರೀ, ಆರಾಮ? ಮನ್ಯಾಗ ಎಲ್ಲಾರೂ ಆರಾಮ?" ಎಂದು ತನಗೆ ತಾನೇ ಕೇಳಿ ರೂಢಿ ಮಾಡಿಕೊಳ್ಳುತ್ತಿದ್ದ. ನಾನು ಟ್ರಂಕು ಸೇರಿದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಮಾತ್ರ, ಕಳ್ಳನಂತೆ, ಮುಚ್ಚಳ ತೆರೆದು ನನ್ನನ್ನು ಎತ್ತಿಕೊಳ್ಳುತ್ತಿದ್ದ.

ದೊಡ್ಡವನಾದ ಮೇಲೆ ಗದುಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ. ಅಲ್ಲೇ ಹತ್ತಿರ ಬಾಡಿಗೆ ಮನೆ ಹಿಡಿದ. ಅಪ್ಪನೇ ನೋಡಿ ನರೇಗಲ್ಲಿನ ಹುಡುಗಿಯೊಬ್ಬಳನ್ನು ತಂದ. ಹೆಸರು ಸುವರ್ಣಾ. ತುಂಬು ಮಾತಿನ, ತುಂಬು ನಗೆಯ ಹೆಣ್ಣು. ಬಂದ ಹೊಸದರಲ್ಲಿ ಟ್ರಂಕು ತೆರೆದು ನನ್ನನ್ನು ನೋಡಿ, "ಇಷ್ಟ್ಯಾಕ ಭಾರ ಐತ್ರಿ ಇದು?" ಎಂದು ಕೇಳಿದಳು. "ಅಜ್ಜಿ ಹೊಲಿದಿದ್ದು" ಎಂದಷ್ಟೇ ಹೇಳಿದ. ಇನ್ನೂ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮುಚ್ಚಳ ಹಾಕಿದ್ದಳು.

ದಿನವಿಡೀ ಹೊರಗೆ ಎಲ್ಲರಂತೆ ಇರಲು ಹೆಣಗಿದವನು ಮನೆಗೆ ಬರುವಾಗ ಖಾಲಿಯಾಗಿರುತ್ತಿದ್ದ. ಸುವರ್ಣಾ ಬಾಗಿಲಲ್ಲೇ ಮಾತು ತೆಗೆದರೆ ಅವನಿಗೆ ಮರುಮಾತು ಹೊರಡುತ್ತಿರಲಿಲ್ಲ. ದಿನವೂ ಅದೇ ರೊಟ್ಟಿ, ಅದೇ ಹೆಸರುಕಾಳು ಪಲ್ಯವೇ ಬೇಕು. ಹೊಸದೇನಾದರೂ ಮಾಡಿದರೆ ತಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ಅವಳು ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚಿ ಸರಿಯುತ್ತಿದ್ದ. ತಾನು ಅವನಿಗೆ ಬೇಡವಾಗಿದ್ದೇನೆ ಎಂದುಕೊಂಡಳು ಆಕೆ. ಬೇರೆ ಏನೆಂದುಕೊಂಡಾಳು?

ಆ ಮನೆಗೆ ಸುವರ್ಣಾಳ ತಾಯಿ ಬಸಮ್ಮ ಕಾಯಿಲೆ ಬಿದ್ದು ಬಂದಳು. ಆಕೆಯದು ಮಾತು ಕಮ್ಮಿ. ರಾಚೋಟಿ ಹೊತ್ತುಹೊತ್ತಿಗೆ ಗುಳಿಗೆ ಕೊಟ್ಟು ಮಂಚದ ಪಕ್ಕ ಸುಮ್ಮನೆ ಕೂಡುತ್ತಿದ್ದ. ಮುದುಕಿಯೂ ಸುಮ್ಮನಿರುತ್ತಿದ್ದಳು. ಅವರಿಬ್ಬರ ನಡುವೆ ಅದೇ ಮಾತುಕತೆ. ಅಳಿಯನ ಬಗ್ಗೆ ಯಾರಾದರೂ ಕೊಂಕು ತೆಗೆದರೆ "ಅಂವಾ ಭಾಳ ಚೊಲೋ ಅದಾನ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಬಸಮ್ಮ ತೀರಿಕೊಂಡಳು. ಮನೆ ತುಂಬಿತು. ಹೆಂಗಸರು ಹಾಡಿ ಹಾಡಿ ಅತ್ತರು. ಭಜನೆಯವರು ಬಂದು ತಾಳ ತಟ್ಟಿದರು. ಹೂವು, ವಿಭೂತಿ, ಊದಿನಕಡ್ಡಿ, ಬೆವರು ಎಲ್ಲದರ ವಾಸನೆ ಒಂದಾಗಿ ಹಬ್ಬಿತು. ರಾಚೋಟಿ ಹಿಂದಿನ ಕೋಣೆಗೆ ಬಂದು ಚಿಲಕ ಹಾಕಿದ. ನನ್ನನ್ನು ಟ್ರಂಕಿನಿಂದ ಎಳೆದು ಮೂಲೆಯಲ್ಲಿ ಕುಳಿತು ತಲೆಯ ಮೇಲಿಂದ ಹೊದ್ದುಕೊಂಡ. "ಅತ್ತೀ, ಅತ್ತೀ" ಎನ್ನುತ್ತ ಬಿಕ್ಕುತ್ತಿದ್ದ. ಬಾಯಿಗೆ ನನ್ನ ಅಂಚನ್ನೇ ತುರುಕಿಕೊಂಡಿದ್ದ. ಯಾರೋ ಬಾಗಿಲು ಬಡಿದರು. ಏಳಲು ನೋಡಿದ, ಕಾಲು ಏಳಲಿಲ್ಲ. ಮತ್ತೆ ಬಡಿದರು. ಕೊನೆಗೆ ಜನ ಅವನಿಲ್ಲದೆಯೇ ಹೆಣ ಎತ್ತಿಕೊಂಡು ಹೋದರು.

ಮಣ್ಣು ಮಾಡಿ ಬಂದ ಮೇಲೆ ಸುವರ್ಣಾ ಅಂಗಳದಲ್ಲಿ ನಿಂತು ಕೇಳಿದಳು. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ನಮ್ಮವ್ವನ ಮಾರಿ ಒಮ್ಮೆರ ನೋಡಬೇಕು ಅನಸಲಿಲ್ಲೇನ್ರಿ ನಿಮಗ?"

ಅವನು ಮಾತು ಹುಡುಕುತ್ತಿದ್ದ. ಕೊನೆಗೆ ಸಿಕ್ಕಿದ್ದು ಇಷ್ಟೇ:

"ಗದ್ಲ ಭಾಳ ಇತ್ತು."

ಅದು ನಿಜವೇ ಆಗಿತ್ತು. ಆದರೆ ತಾಯಿಯನ್ನು ಮಣ್ಣಿಗಿಟ್ಟು ಬಂದವಳ ಕಿವಿಗೆ ಅದು ಹೇಗೆ ಕೇಳಿಸಿರಬೇಕು! ಸುವರ್ಣಾ ಕೂಗಾಡಲಿಲ್ಲ. "ನಿಮಗ ಕರುಳ ಇಲ್ಲ" ಎಂದಳು, ಅಷ್ಟೇ. ಅವನ ಕಣ್ಣೀರು ನನ್ನ ಪದರಗಳಲ್ಲಿ ಇನ್ನೂ ಹಸಿಯಾಗಿಯೇ ಇತ್ತು. ಅವಳು ನನ್ನನ್ನೊಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು. ಕೌದಿಗೆ ಬಾಯಿಲ್ಲ.

ಅದೇ ವರ್ಷ ಅವಳು ಹುಬ್ಬಳ್ಳಿಯ ಅಣ್ಣನ ಮನೆಗೆ ಹೊರಟಳು. ಹೊಲಿಗೆ ಯಂತ್ರಕ್ಕೆ ಟೆಂಪೋದಲ್ಲಿ ಪೆಟ್ಟಾಗದಿರಲೆಂದು ದಪ್ಪ ಬಟ್ಟೆ ಹುಡುಕಿ ನನ್ನನ್ನೇ ಸುತ್ತಿದಳು. ರಾಚೋಟಿ ನೋಡುತ್ತ ನಿಂತಿದ್ದ. ಅದು ನನ್ನದು, ಅದನ್ನು ಬಿಟ್ಟು ಹೋಗು ಎನ್ನಬಹುದಿತ್ತು. ಅಂದರೆ ಯಾಕೆ ಬೇಕೆಂದು ಹೇಳಬೇಕಾಗುತ್ತಿತ್ತು. ಅವನು ಹಗ್ಗ ಬಿಗಿಯಲು ಕೈಗೂಡಿಸಿದ.

ಹುಬ್ಬಳ್ಳಿಯಲ್ಲಿ ಸುವರ್ಣಾ ಹುಡುಗಿಯರಿಗೆ ಹೊಲಿಗೆ ಕಲಿಸತೊಡಗಿದಳು. ನನ್ನನ್ನು ನೆಲಕ್ಕೆ ಹಾಸಿ ನನ್ನ ಮೇಲೆ ಕೂತು ಬಟ್ಟೆ ಕತ್ತರಿಸುತ್ತಿದ್ದರು. ಸೀಮೆಸುಣ್ಣ, ದಾರದ ಎಳೆ, ಗುಂಡುಸೂಜಿ, ಹುಡುಗಿಯರ ನಗು. ಕೆಟ್ಟ ಬಾಳೇನಲ್ಲ. ಆದರೂ ಮೈಮೇಲೆ ಹಾಕಿಕೊಳ್ಳಲು ಹುಟ್ಟಿದವನು ನಾನು, ಕಾಲ ಕೆಳಗೆ ಬಿದ್ದಿದ್ದೆ.

ಹೀಗೆ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋಗಿದ್ದಾಗ ರಾಚೋಟಿ ಬಂದ. ಕೂದಲು ನರೆತಿತ್ತು. ಆ ಕನ್ನಡಿಯ ನಗು ಮುಖದ ಮೇಲಿರಲಿಲ್ಲ. ಕುರ್ಚಿಗೆ ಹೋಗಲು ದಾರಿ ನನ್ನ ಮೇಲೇ ಇತ್ತು. ಅವನು ತುಳಿಯದೆ ಗೋಡೆಗುಂಟ ಸುತ್ತಿ ಬಂದು ಕುಳಿತ. ಸುವರ್ಣಾ ಅದನ್ನು ನೋಡಿದಳು.

"ಧಾರವಾಡಕ್ಕ ಹೋಗಿದ್ದೆ. ಡಾಕ್ಟರ್ ಕಡೆ" ಎಂದ ಅವನು, ಯಂತ್ರದ ಗಾಲಿಯನ್ನೇ ನೋಡುತ್ತ.

"ಯಾಕ್ರೀ? ಏನಾಗೇತಿ?"

"ಪ್ರೆಸ್ಸಿಗೆ ಹೊಸಾ ಮಷೀನ್ ಬಂತು. ಅದರ ಸಪ್ಪಳಕ್ಕ ಒಂದಿನ ಟೇಬಲ್ ಕೆಳಗ ಹೊಕ್ಕು ಕುಂತುಬಿಟ್ಟೆ. ಏಳಾಕ ಆಗಲಿಲ್ಲ. ಮಾಲಕರ ಕರಕೊಂಡು ಹೋದ್ರು. ಅಲ್ಲಿ ಒಬ್ಬ ಡಾಕ್ಟರಮ್ಮ ಸಣ್ಣಂದಿನಿಂದ ಎಲ್ಲಾ ಕೇಳಿದ್ರು. ಇದಕ್ಕ ಆಟಿಸಂ ಅಂತಾರಂತ. ರೋಗ ಅಲ್ಲಂತ. ನಾ ಹುಟ್ಟಿದ್ದ ಹಿಂಗಂತ."

"ಮತ್ತ ಗುಳಿಗಿ ಏನ್ ಕೊಟ್ರು?"

"ಇದಕ್ಕ ಗುಳಿಗಿ ಇಲ್ಲ. ನಿಮ್ಮನ್ನ ನೀವು ಬೈಕೊಳ್ಳೂದು ಬಿಡ್ರಿ ಅಂದ್ರು." ಮತ್ತೆ ಸೇರಿಸಿದ, "ಅದು ಗುಳಿಗಿಕಿಂತ ತ್ರಾಸ ಐತಿ."

ಸುವರ್ಣಾಳ ಕೈ ಕತ್ತರಿಯ ಮೇಲೇ ನಿಂತಿತು. ಅವನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಒಂದೊಂದಾಗಿ ಹೊರಗಿಡುತ್ತಿದ್ದ.

"ಅತ್ತಿ ಹ್ವಾದ ದಿನ ನಾ ಹಿಂದಿನ ಕೋಣ್ಯಾಗಿದ್ದೆ. ಈ ಕೌದಿ ಹೊದ್ಕೊಂಡು. ಅಳಾಕತ್ತಿದ್ದೆ. ಹೊರಗ ಬರಬೇಕಂತ ಭಾಳ ಮಾಡಿದೆ. ಕಾಲ ಬರಲಿಲ್ಲ."

ಸುವರ್ಣಾ ಕೆಳಗೆ ನೋಡಿದಳು. ಯಂತ್ರದ ಮುಂದಿನ ಸ್ಟೂಲಿನಿಂದ ಇಳಿದು ನನ್ನ ಪಕ್ಕ ಬರಿನೆಲದ ಮೇಲೆ ಕುಳಿತು ಅಂಗೈಯನ್ನು ನನ್ನ ಮೇಲಿಟ್ಟಳು.

"ಈ ಕೌದ್ಯಾಗನ? ಅವತ್ತ ಇಷ್ಟ ಹೇಳಿದ್ರ ಆಗ್ತಿದ್ದಿಲ್ಲೇನ್ರಿ?"

"ನನಗರ ಎಲ್ಲಿ ಗೊತ್ತಿತ್ತು? ನೀ ಅಂದಿದ್ದನ್ನ ನಾನೂ ಖರೆ ಅನಕೊಂಡೆ. ನನಗ ಕರುಳ ಇಲ್ಲ ಅಂತ."

"ನಾ ಅಂದಿದ್ದೆ" ಎಂದಳು ಅವಳು.

"ಹೂಂ, ಅಂದಿದ್ದಿ." ಅವನ ದನಿಯಲ್ಲಿ ದೂರಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ, ಅಷ್ಟೇ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ನನ್ನ ಕರಿಯಾಕ ಬಂದೀರೇನು?"

"ಇಲ್ಲ. ನೀ ನನಗ ಬ್ಯಾಡಾಗಿದ್ದಿ ಅಂತ ತಿಳಕೊಂಡಿರತಿ. ಹಂಗ ಇದ್ದಿದ್ದಿಲ್ಲ. ಯಾವತ್ತೂ ಇದ್ದಿದ್ದಿಲ್ಲ. ಅದನ್ನ ಹೇಳಿ ಹೋಗಾಕ ಬಂದೆ."

ಸುವರ್ಣಾ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಮದುವೆಯಾದ ಹೊಸದರಲ್ಲಿ ಕೇಳಬೇಕೆಂದು ಕಾದಿದ್ದ ಮಾತನ್ನು ಈಗ, ಮಂಡಿ ಹಿಡಿಯುವ ವಯಸ್ಸಿನಲ್ಲಿ ಕೇಳಿದ್ದಳು. ಅವಳಿಗೆ ಇಲ್ಲಿ ತನ್ನದೇ ಒಂದು ಬದುಕಿತ್ತು. ಅಲ್ಲಿ ಅವನು ಒಬ್ಬನೇ ಇರಲು ಕಲಿತಿದ್ದ. ಹೊರಗೆ ಹುಡುಗಿಯರ ಮಾತು ಕೇಳಿಸಿದಾಗ ಎದ್ದು ನನ್ನನ್ನು ಜಾಡಿಸಿ ಮಡಚಿ ಅವನ ತೊಡೆಯ ಮೇಲಿಟ್ಟಳು. "ಒಯ್ರಿ. ನಿಮ್ಮದಿದು." ಅವನ ಎರಡೂ ಕೈ ನನ್ನೊಳಗೆ ಹುದುಗಿದವು.

ಈಗ ನಾನು ಟ್ರಂಕಿನಲ್ಲಿಲ್ಲ. ಪಡಸಾಲೆಯ ಕುರ್ಚಿಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದೇನೆ. ಪ್ರೆಸ್ಸಿನ ಮಾಲೀಕರು ಅವನ ಕೆಲಸಕ್ಕೆ ಮಷೀನಿನ ಸಪ್ಪಳ ಬಾರದ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಹೊರಗೆ ಹೊರಟರೆ ಕಿವಿಗೆ ಅರಳೆ ಇಟ್ಟುಕೊಳ್ಳುತ್ತಾನೆ. ಯಾರಾದರೂ ಕೇಳಿದರೆ ಕಾರಣ ಹೇಳುತ್ತಾನೆ. ಕೆಲವರು ನಗುತ್ತಾರೆ. ಕನ್ನಡಿಯ ಮುಂದೆ ಈಗ ಗಡ್ಡ ಹೆರೆಯುತ್ತಾನಷ್ಟೇ. ಆದರೂ ಒಮ್ಮೊಮ್ಮೆ ಮನೆಗೆ ತಂದ ಕರಡು ತಿದ್ದುತ್ತ ಕುಳಿತವನು ಕೈ ನಿಲ್ಲಿಸಿ ನನ್ನನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ತಿದ್ದಲಾಗದ ಯಾವುದೋ ಪುಟ ನೆನಪಾಗಿರುತ್ತದೆ. ಅಂಥ ಹೊತ್ತಿನಲ್ಲಿ ನಾನು ಎಷ್ಟು ಭಾರವಿದ್ದರೂ ಸಾಲುವುದಿಲ್ಲ.

ನನಗೂ ವಯಸ್ಸಾಯಿತು. ಕಂಬಳಿ ಪುಡಿಯಾಗಿ ಉದುರುತ್ತಿದೆ. ಈಚೆಗೊಂದು ಭಾನುವಾರ ಅವನು ನನ್ನನ್ನು ಒಗೆಯಲು ನೆನೆಹಾಕಿದ್ದ. ನೀರು ಕುಡಿದ ನನ್ನನ್ನು ಒಬ್ಬನಿಂದ ಎತ್ತಲಾಗದು. ಆಗಾಗ ಬಂದು ಹೋಗುವ ಸುವರ್ಣಾ ಅಂದೂ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ಕಡೆ ಹಿಡೀರಿ" ಎಂದಳು. ಇಬ್ಬರೂ ಎರಡು ತುದಿ ಹಿಡಿದು, ಅವನು ಆ ಕಡೆ, ಅವಳು ಈ ಕಡೆ ತಿರುವತೊಡಗಿದರು. ಅವಳು ಹೊಲಿಗೆ ಹುಡುಗಿಯರ ಸುದ್ದಿ ಹೇಳುತ್ತಲೇ ಇದ್ದಳು.

"ಸುವರ್ಣಾ, ಸ್ವಲ್ಪ ಹೊತ್ತು ಮಾತು ಬ್ಯಾಡ" ಎಂದ ಅವನು.

ಅವಳು ನಿಲ್ಲಿಸಿದಳು. ಮುಖ ಸಣ್ಣದಾಗಲಿಲ್ಲ. ಇಬ್ಬರೂ ಸುಮ್ಮನೆ ಹಿಂಡಿದರು. ನನ್ನ ಹೊಲಿಗೆಗಳು ಅಲ್ಲಲ್ಲಿ ಪಟಪಟನೆ ಬಿಟ್ಟುಕೊಂಡವು. ಕೆಳಗೆ ಕಪ್ಪು ನೀರು ಹರಿಯಿತು. ನನ್ನನ್ನು ಮಾಳಿಗೆಯ ಗೋಡೆಗೆ ಹಾಕಿ ಸರಿಮಾಡುತ್ತ ಅವಳು ಮೆಲ್ಲಗೆ ಕೇಳಿದಳು.

"ಅವತ್ತೂ ಇಷ್ಟನ ಹೇಳೂದಿತ್ತಲ್ರಿ, ಸ್ವಲ್ಪ ಹೊತ್ತು ಗದ್ಲ ಬ್ಯಾಡ ಅಂತ?"

"ಹೂಂ, ಇಷ್ಟನ" ಎಂದ ರಾಚೋಟಿ.

ಸಂಜೆಯ ಬಸ್ಸಿಗೆ ಅವಳು ಹುಬ್ಬಳ್ಳಿಗೆ ಹೊರಟಳು. ನಾನಿನ್ನೂ ಹನಿಯುತ್ತಿದ್ದೆ. ಅವನು ಗೋಡೆಗೊರಗಿ ಕುಳಿತು, ಬೀಳುವ ಹನಿಗಳ ಕೆಳಗೆ ಅಂಗೈ ಹಿಡಿದಿದ್ದ.