ತಲೆಗೆ ಸಿಂಬಿ, ಸೊಂಟಕ್ಕೆ ನಾನು

ನಾನು ಮೈಮೇಲೆ ತೊಡುವ ಯಂತ್ರ. ಅಲ್ಯೂಮಿನಿಯಂ ಮೂಳೆ, ನಾಲ್ಕು ಮೋಟಾರು, ಬೆನ್ನಿಗೊಂದು ಬ್ಯಾಟರಿ. ಕಾಲಿನ ಸ್ವಾಧೀನ ಕಳೆದುಕೊಂಡವರು ನನ್ನನ್ನು ಬಿಗಿದುಕೊಂಡು ಎದ್ದು ನಿಲ್ಲುತ್ತಾರೆ. ನನಗೆ ಹೆಜ್ಜೆ ಕಲಿಸಿದವನು ಆಫೀಸಿನ ಕುರ್ಚಿ ಬಿಟ್ಟೇಳದ ಒಬ್ಬ ಎಂಜಿನಿಯರು. ಎದೆ ಮುಂದಕ್ಕೆ ಬಾಗಿದರೆ ಕಾಲೆತ್ತು, ಬಾಗದಿದ್ದರೆ ಕದಲಬೇಡ ಅಂದ. ಅದನ್ನೇ ವೇದವಾಕ್ಯವೆಂದು ನಂಬಿದೆ.

ಹುಬ್ಬಳ್ಳಿಯ ತರಬೇತಿ ಕೇಂದ್ರದಲ್ಲಿ ಮೊದಲು ಒಬ್ಬ ಬ್ಯಾಂಕ್ ಮ್ಯಾನೇಜರು ನನ್ನನ್ನು ತೊಟ್ಟರು, ಆಮೇಲೆ ಒಬ್ಬ ಕಾಲೇಜು ಮೇಷ್ಟ್ರು. ಬಾಗಿದರು, ನಡೆದರು. ಮೂರನೆಯವಳು ದುರುಗವ್ವ. ಇಪ್ಪತ್ತು ವರ್ಷ ಗಾರೆ ಹೊತ್ತು, ಕಟ್ಟಡದ ಸಾರವೆ ಕುಸಿದು ಬೆನ್ನು ಮುರಿದುಕೊಂಡವಳು.

"ಮುಂದಕ್ಕ ಬಾಗ್ರಿ, ದುರುಗಕ್ಕಾ," ಎಂದಳು ತರಬೇತಿ ಕೊಡುವ ನಸ್ರೀನ್.

ದುರುಗವ್ವ ಎರಡೂ ಊರುಗೋಲು ಹಿಡಿದು ಕಂಬದಂತೆ ನಿಂತಳು. ಬಾಗಲಿಲ್ಲ. ನಾನೂ ಕದಲಲಿಲ್ಲ. ಹದಿಮೂರು ದಿನ ಇದೇ ಪಾಡು. ಎರಡು ಸಲ ಬಿದ್ದಳು. ನಸ್ರೀನ್ ನಡುಪಟ್ಟಿ ಹಿಡಿದಿರದಿದ್ದರೆ ಹಲ್ಲು ಉದುರುತ್ತಿದ್ದವು. ಯಂತ್ರ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿ ಮರುದಿನ ಬರುವುದಿತ್ತು. ಇಪ್ಪತ್ತು ಹೆಜ್ಜೆ ಇಡದಿದ್ದರೆ 'ಕಲಿಯಲು ಅನರ್ಹಳು' ಎಂದು ಬರೆದು ಅವಳ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಮತ್ತೆ ನೆಲದ ಮೇಲೆ ತೆವಳುವ ಬಾಳು.

"ಯಾಕ ಬಾಗವಲ್ರಿ?" ಎಂದು ಕೇಳಿದಳು ನಸ್ರೀನ್.

"ಅಕ್ಕಾರ, ತಲಿ ಮ್ಯಾಲ ಗಾರಿ ಬುಟ್ಟಿ, ಕಾಲಡಿಗೆ ಒಂದ ಹಲಗಿ. ಬಾಗಿದ್ರ ಬುಟ್ಟೀನೂ ಕೆಳಗ, ನಾನೂ ಕೆಳಗ. ನಿಮ್ಮ ಮಿಷಿನ್ನಿಗೆ ಹೊರೆ ಹೊತ್ತು ಗೊತ್ತೈತೇನು?"

ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ನಸ್ರೀನ್ ತನ್ನ ದುಪಟ್ಟಾ ಸುತ್ತಿ ಸಿಂಬಿ ಮಾಡಿ ಅವಳ ತಲೆಗಿಟ್ಟಳು. ಅದರ ಮೇಲೊಂದು ಮರಳಿನ ಚೀಲ. ಎದೆ ಬಾಗುವುದನ್ನು ಕಾಯಬೇಡ, ಪಾದಕ್ಕೆ ಬೀಳುವ ಭಾರವನ್ನು ಕಾಯಿ ಎಂದು ನನಗೂ ಹೊಸ ಪಾಠ ಹೇಳಿ ಗುಂಡಿ ಒತ್ತಿದಳು. ದುರುಗವ್ವನ ಕತ್ತು ನೆಟ್ಟಗಾಯಿತು. ಭಾರ ನವಿರಾಗಿ ಎಡಕ್ಕೆ ಜಾರಿತು. ನನ್ನ ಬಲಗಾಲು ತಾನಾಗಿ ಎದ್ದಿತು.

ಮರುದಿನ ಸಮಿತಿಯ ಅಧ್ಯಕ್ಷರು ಕ್ಯಾಮೆರಾದವನ ಜೊತೆ ಬಂದರು. "ಏನಿದು ತಲಿ ಮ್ಯಾಲೆ? ತೆಗೀರಿ. ಫೋಟೋದಾಗ ಚಂದ ಕಾಣಂಗಿಲ್ಲ."

 ನಸ್ರೀನ್ ನಡುಪಟ್ಟಿಯ ಹಿಡಿತ ಬಿಗಿಮಾಡಿದಳು.

"ಸಾಹೇಬ್ರ," ಎಂದಳು ದುರುಗವ್ವ, "ನಿಮ್ಮ ಮನಿ ಕಟ್ಟೂ ಮುಂದ ಈ ಸಿಂಬಿ ಚಂದ ಇತ್ತಲ್ರಿ? ಫೋಟೋ ಬ್ಯಾಡಂದ್ರ ಬಿಡ್ರಿ. ಹೆಜ್ಜಿ ಎಣಸ್ರಿ."

ಒಂದು. ಎರಡು. ಏಳರಲ್ಲಿ ಊರುಗೋಲು ಜಾರಿತು. ಚೀಲ ವಾಲಿತು. ನಾನು ಭಾರ ಕಾದೆ. ಅವಳು ಕತ್ತಿನಲ್ಲೇ ಚೀಲವನ್ನು ಸರಿಮಾಡಿಕೊಂಡಳು. ಎಂಟು. ಇಪ್ಪತ್ತಕ್ಕೂ ನಿಲ್ಲಲಿಲ್ಲ. ಅಧ್ಯಕ್ಷರೇ ಹಿಂದೆ ಸರಿದು ಬಾಗಿಲು ಬಿಡಬೇಕಾಯಿತು.

ಈಗ ನನ್ನ ಮೊಣಕಾಲಿನ ಮೋಟಾರು ಸವೆದಿದೆ. ಹೊಸ ಯಂತ್ರ ಬಂದಿದೆ, ನಾನು ಮೂಲೆ ಸೇರಿದ್ದೇನೆ. ನನ್ನ ಹೆಗಲಿಗೆ ಆ ಸಿಂಬಿ ತೂಗುಹಾಕಿದ್ದಾರೆ. ವಾರಕ್ಕೆರಡು ದಿನ ದುರುಗವ್ವ ತನಗೆ ಮಂಜೂರಾದ ಯಂತ್ರದಲ್ಲಿ ನಡೆದು ಬಂದು, ಹೊಸಬರಿಗೆ ಕಲಿಸಲು ಅದನ್ನು ಎತ್ತಿಕೊಳ್ಳುತ್ತಾಳೆ. ಮೊನ್ನೆ ಹಮಾಲನೊಬ್ಬ ಹೊಸ ಯಂತ್ರದಲ್ಲಿ ಬೆವರುತ್ತ ನಿಂತಿದ್ದ. ಬಾಗಲಾರ, ನಡೆಯಲಾರ.

"ಅಂಜಬ್ಯಾಡೋ ತಮ್ಮಾ," ಎಂದಳು. "ನಿನಗ ನಡ್ಯಾಕ ಬರತೈತಿ. ಈ ಮಿಷಿನ್ನಿಗೆ ಇನ್ನೂ ಬರವಲ್ದು. ಕಲಿಸೂಣು ಬಾ."