ಎತ್ತಲಾಗದ ತೋಳು

“ಮೆಲ್ಲ! ಆ ಕೈ ಮೇಲ್ ಏಳುದಿಲ್ಲೆ ಅವ್ರದ್ದ್!”

ಅಣ್ಣ ಅಶೋಕನ ಶವಕ್ಕೆ ಇಂಡಿಯಾ ಕ್ರಿಕೆಟ್ ತಂಡದ ಹಳೆಯ ಕೋಟು ತೊಡಿಸುತ್ತಿದ್ದ ರತನ್, ಅತ್ತಿಗೆ ಸ್ನೇಹಲತಾಳ ಕೂಗಿಗೆ ಕೈ ತಡೆದ. ಬಾಗಿಲ ಬಳಿ ನಿಂತಿದ್ದ ಗಂಗೊಳ್ಳಿಯ ಮೀನುಗಾರ ಚಂದಯ್ಯ ತಲೆಯೆತ್ತಿದ.

“ಎಂತ ಅಮ್ಮ ಹಂಗಂತ್ರಿ? ಹ್ವಾದ್ ಆಯ್ತಾರ ಕೋಡಿ ಕಡಲ್ ಹೊಯ್ಗಿ ಮೇಲ್ ಅಶೋಕಣ್ಣ ನನ್ನ್ ವಿಕೆಟ್ಟೇ ಹಾರ್ಸಿರಲೆ!”

“ಆಯ್ತಾರ ಅಣ್ಣಯ್ಯ ಮೀನಿಗ್ ಹೋತ್ರ್ ಅಂದಿದ್ರಿ ಅಲ್ದಾ, ಅತ್ಗಿ?” ನಾದಿನಿ ಕಮಲ ಅಳು ನಿಲ್ಲಿಸಿ ಕೇಳಿದಳು.

*

ಇಪ್ಪತ್ತೆರಡು ವರ್ಷಗಳ ಹಿಂದೆ, ಭುಜದ ಆಪರೇಷನ್ ಮುಗಿಸಿ ಬಂದ ಅಶೋಕ ಕನ್ನಡಿಯ ಮುಂದೆ ನಿಂತು, “ಗುಂಡಿ ಒಂಚೂರ್ ಹಾಕ್ ಕಾಂಬ” ಎಂದಿದ್ದ. ಮದುವೆಯಾಗಿ ಅಲ್ಲಿಯವರೆಗಿನ ಆರು ವರ್ಷ ಸ್ನೇಹಲತಾ ಅವನನ್ನು ಹೆಚ್ಚು ಕಂಡದ್ದು ಟಿವಿಯಲ್ಲೇ. ಹನ್ನೊಂದು ಟೆಸ್ಟ್‌ಗಳಲ್ಲಿ ವೇಗದ ಬೌಲಿಂಗ್ ಮಾಡಿದ ಆ ಬಲತೋಳು ಗುಣವಾಗಲಿ ಎಂದು ಊರೆಲ್ಲ ಹರಕೆ ಹೊತ್ತಿತು; ಅವಳೊಬ್ಬಳು ಹೊರಲಿಲ್ಲ. ಅಂಗಿ ತೊಡಿಸಿದಳು, ತಲೆ ಬಾಚಿದಳು, ಅನ್ನ ಕಲಸಿ ಕೊಟ್ಟಳು. ಕೊನೆಗೂ ಮನೆಗೆ ಸಿಕ್ಕಿದ ಎಂದುಕೊಂಡಳು.

*

ಅಷ್ಟೂ ವರ್ಷ ನಟಿಸಿದನೇ? ಅವಳು ಶವದ ಪಕ್ಕ ಕುಳಿತು ಬಲಗೈಯ ಬೆರಳುಗಳನ್ನು ಒತ್ತಿ ನೋಡಿದಳು. ಚೆಂಡಿನ ಹೊಲಿಗೆ ಉಜ್ಜಿ ಹಿಂದೆ ದಡ್ಡುಗಟ್ಟಿದ್ದ ಎರಡು ಬೆರಳು ಈಗ ಮೆತ್ತಗಿದ್ದವು.

“ಸುಳ್ಳ್ ಹೇಳ್ಬೇಡಿ ಚಂದಯ್ಯ. ಇದ್ ಬಾಲ್ ಹಿಡ್ದ್ ಕೈಯಾ?”

“ಅದಲ್ಲ ಅಮ್ಮ, ಎಡ್ಗೈ. ಹತ್ತ್ ವರ್ಷ ಆಯ್ತ್. ಸುರುವಿಗೆ ಬಾಲ್ ಸೀದಾ ಸಮುದ್ರಕ್ಕೇ ಹೋತಿತ್ತ್. ಮನಿಯಂಗ್ ಹೇಳುಕಾಗ ಅಂದಿರ್.”

“ಎಂತಕ್ ಅಂಬ್ರ್?”

“ಕೇಂಡ್ರೆ ನೆಗಾಡ್ತಿದ್ರ್.”

ಎಡಗೈ ಬಿಡಿಸಿದಳು. ತೋರುಬೆರಳೂ ನಡುಬೆರಳೂ ಗರಗಸದಂತೆ ಒರಟು. ಇಷ್ಟು ಕಲಿತ ಕೈಗೆ ಒಂದು ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲವೇ? ದಿನಾ ಬೆಳಿಗ್ಗೆ ತನ್ನೆದುರು ಎದೆಯೊಡ್ಡಿ ನಿಲ್ಲುತ್ತಿದ್ದದ್ದು ತನ್ನ ಮೇಲಿನ ಪ್ರೀತಿಗೋ, ಆಯ್ತಾರದ ಗುಟ್ಟು ಕಾಯುವುದಕ್ಕೋ? ಆ ಮುಖದಲ್ಲಿ ಉತ್ತರ ಹುಡುಕಿದಳು. ಮೂಗಿಗೆ ಹತ್ತಿ ಇಟ್ಟಾಗಿತ್ತು.

“ಬಿಡಿ ಅತ್ಗಿ, ಹೊತ್ತಾಯ್ತ್,” ಎಂದ ರತನ್.

ಗಂಡಸರು ಚಟ್ಟ ಎತ್ತಿದರು. ಅವಳ ಸೆರಗಿನ ಒಂದೆಳೆ ಆ ಒರಟು ಬೆರಳಿಗೆ ಸಿಕ್ಕಿಕೊಂಡಿತ್ತು. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ನೂಲು ಉದ್ದವಾಗುತ್ತ ಹೋಯಿತು. ಅವಳು ಅದನ್ನು ಹರಿಯಲಿಲ್ಲ. ಸೆರಗನ್ನೂ ಸಡಿಲ ಬಿಡಲಿಲ್ಲ.