ಮೀಟರಿಗೆ ನಡೆಯದ ನೀರು

“ಸೂಳೆಮಗನ, ಕಂಪ್ಯೂಟರ್ ಕಲ್ತೀನಂತ ಸೊಕ್ಕ ಬಂದೈತೇನ್ಲೇ?”

ಸಮ್ಮೇದ ಸಾಹೇಬರ ಚಪ್ಪಲಿ ಎರಡನೇ ಸಲ ನನ್ನ ಕೆನ್ನೆಗೆ ಬಿತ್ತು. ಅವರು ಸಕ್ಕರೆ ಕಾರ್ಖಾನೆಯ ದೊಡ್ಡ ಕೆಮಿಸ್ಟ್. ನಾನು ಸುರಜ, ಅವರ ಕೈಕೆಳಗಿನ ಕಂಪ್ಯೂಟರ್ ಆಪರೇಟರ್. ಎದುರಿನ ಸ್ಕ್ರೀನು ಕೆಂಪಾಗಿತ್ತು, ಅಲಾರಾಂ ಬಡಿದುಕೊಳ್ಳುತ್ತಿತ್ತು.

ಕಾರ್ಖಾನೆಯ ಹೊಲಸು ನೀರು ಹಳ್ಳಕ್ಕೆ ಬೀಳುವ ಮೊದಲು ಅದರಲ್ಲಿ ಸೆನ್ಸರ್ ಮುಳುಗಿಸಿಡಬೇಕು. ಎಷ್ಟು ಹೊಲಸು ಎಂಬ ಅಂಕಿ ತಾನಾಗಿಯೇ ಬೆಂಗಳೂರಿನ ಸರ್ಕಾರಿ ಕಚೇರಿಗೆ ಹೋಗುತ್ತದೆ. ಅದು ಕಾನೂನು. ನಮ್ಮ ಸೆನ್ಸರ್ ಮಾತ್ರ ಬಕೆಟ್ಟಿನಲ್ಲಿರುತ್ತಿತ್ತು. ದಿನಾ ಮುಂಜಾನೆ ಆ ಬಕೆಟ್ಟಿಗೆ ಕ್ಯಾನಿನ ಶುದ್ಧ ನೀರು ತುಂಬುವುದು ನನ್ನ ಕೆಲಸ. ಬಿಸಿಎ ಓದಿ ಹದಿನಾಲ್ಕು ತಿಂಗಳು ಈ ಘನಕಾರ್ಯ ಮಾಡಿದ್ದೇನೆ. ಬೋರಿನ ನೀರು ನಾರುತ್ತದೆ ಎಂದು ಕೇರಿಯವರು ಅಂದಾಗ, “ಮೀಟರ್ ಚಲೋ ತೋರ್ಸಾಕತ್ತೈತಿ, ಸುಮ್ನ ಕುಡೀರಿ” ಎಂದವನೂ ನಾನೇ. ಆ ನಾಲಿಗೆ ಅವತ್ತೇ ಬಿದ್ದುಹೋಗಬೇಕಿತ್ತು.

ಇವತ್ತು ಕಾಗವಾಡದಿಂದ ಕ್ಯಾನಿನ ಗಾಡಿ ಬರಲಿಲ್ಲ. ಕಾಂಪೌಂಡಿನಾಚೆ ನಮ್ಮ ಕೇರಿಯ ಬೋರಿನಿಂದ ಒಂದು ಕೊಡ ತಂದು ಬಕೆಟ್ಟಿಗೆ ಸುರಿದೆ. ನಾವು ಕುಡಿಯುವ ನೀರು, ಮೀಟರಿಗೆ ಏನಾದೀತು ಅಂದುಕೊಂಡಿದ್ದೆ.

“ಅದು ಕಾರ್ಖಾನಿ ಹೊಲಸು ನೀರಲ್ರಿ ಸಾಹೇಬ್ರ,” ಎಂದೆ. ಬಾಯಿ ತುಂಬ ರಕ್ತ. “ನಮ್ಮ ಕೇರಿಯವರು ಕುಡಿಯೂ ನೀರ್ರಿ.”

ಅವರು ಬಕೆಟ್ಟಿನಿಂದ ಮಾರು ದೂರ ಸರಿದರು. “ನಿಮ್ಮ ಕೇರಿ ನೀರ ನನ್ನ ಲ್ಯಾಬಿನಾಗ ತಂದಿಯೇನ್ಲೇ?” ಕಾಲೆತ್ತಿ ಹೊಟ್ಟೆಗೆ ಒದ್ದರು. “ಅದು ನಿಮ್ಮ ಹೊಟ್ಟಿಗೆ ನಡೀತೈತಿ. ಮೀಟರಿಗೆ ನಡಿಯಂಗಿಲ್ಲ.”

ಬಿದ್ದಲ್ಲೇ ಅವ್ವ ನೆನಪಾದಳು. ನನ್ನವ್ವ ಜನಾಬಾಯಿ ಎಂಟು ದಿನದಿಂದ ಮಿರಜದ ದವಾಖಾನೆಯಲ್ಲಿದ್ದಾಳೆ. ಎರಡೂ ಕಿಡ್ನಿ ಹೋಗಿವೆ. ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದಾಗ, “ಬೋರಿಂದರಿ. ಚಲೋ ಐತಂತ ನಮ್ಮ ಸುರಜನ ಹೇಳ್ಯಾನ್ರಿ,” ಎಂದು ಹೆಮ್ಮೆಯಿಂದ ಹೇಳಿದ್ದಳು. ನನಗೆ ಒದೆತದ ನೋವೇ ಮರೆತುಹೋಯಿತು.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಬೆಂಗಳೂರಿನವರು. ಸಾಹೇಬರ ದನಿ ಬೆಣ್ಣೆಯಾಯಿತು. “ಏನಿಲ್ರೀ ಸರ್, ಸೆನ್ಸರ್ ಕೆಟ್ಟೈತಿ. ಈಗ ರಿಪೋರ್ಟ್ ಕಳಸ್ತೀವ್ರಿ.”

ಫೋನಿಟ್ಟು ನನ್ನ ಕೂದಲು ಹಿಡಿದು ಕುರ್ಚಿಗೆ ಎಳೆದರು. “ಸೆನ್ಸರ್ ಕೆಟ್ಟಿತ್ತಂತ ಬರಿ, ಹಲ್ಕಟ್ ನನಮಗನ. ಕೆಳಗ ನಿನ್ನ ಹೆಸರ ಹಾಕು.”

ಬರೆದೆ. ಸೆನ್ಸರ್ ಸರಿಯಾಗಿದೆ. ಇದು ನಮ್ಮ ಕೇರಿಯ ಕುಡಿಯುವ ನೀರಿನ ಅಂಕಿ. ಹಿಂದಿನ ಹದಿನಾಲ್ಕು ತಿಂಗಳ ಅಂಕಿಗಳೆಲ್ಲ ಕ್ಯಾನಿನ ನೀರಿನವು. ಕಳಿಸಿದವನು ನಾನು.

ಓದುತ್ತಲೇ ಸಾಹೇಬರು ಮೇಜಿನ ಮೇಲಿದ್ದ, ನಟ್ಟು ಬಿಗಿಯುವ ಕಬ್ಬಿಣದ ಪಾನಾ ಎತ್ತಿ ನನ್ನ ಬಲಗೈ ಮೇಲೆ ಬಡಿದರು. ಎಲುಬು ಲಟಕ್ಕೆಂದಿತು. ಚೀರಿದೆ. ಪಾನಾ ಮತ್ತೆ ಮೇಲೇಳುವುದರೊಳಗೆ ಎಡಗೈಯಿಂದ ಎಂಟರ್ ಒತ್ತಿದೆ. ಆಮೇಲೆ ಎಷ್ಟು ಏಟು ಬಿದ್ದವೋ, ಲೆಕ್ಕವಿಡಲಿಲ್ಲ.

ಫೋನು ಮತ್ತೆ ಬಡಿದುಕೊಂಡಿತು. ಸಾಹೇಬರು ಎತ್ತಲಿಲ್ಲ. ಪಾನಾ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ನಾನೇ ತೆವಳಿಕೊಂಡು ಹೋಗಿ ಎತ್ತಿದೆ.

“ಸೆನ್ಸರ್ ಕೆಟ್ಟಿಲ್ರಿ,” ಎಂದೆ. “ಬೇಕಿದ್ರ ಬಂದು ಕುಡದ ನೋಡ್ರಿ.”